ಹೊಗೆ ಬಿಟ್ಟು ಹಬೆ ಹಿಡಿದ ಉಪ್ಪಿನ ಪರೀಕ್ಷಕ

"ಇಂದಿನಿಂದ ಈ ಬಾಯಿಗೆ ಸಿಗರೇಟು ನಿಷಿದ್ಧ!"

ನಾನು ಹೀಗೆಂದು ಘೋಷಿಸಿದಾಗ ನನ್ನ ಧರ್ಮಪತ್ನಿ ವಿದೋಸಾವಾ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಇಂಥ ಐತಿಹಾಸಿಕ ಸಂದರ್ಭದಲ್ಲಿ ತಲೆಯನ್ನಾದರೂ ಎತ್ತಬೇಕೆಂಬ ಸೌಜನ್ಯ ಆಕೆಗೆ ತೋಚಲಿಲ್ಲ.

"ಯಾಕೆ, ಪ್ಯಾಕೆಟ್ ಖಾಲಿಯಾಯ್ತಾ?" ಎಂದಳು.

"ಇದು ಖಾಲಿ ಪ್ಯಾಕೆಟ್ಟಿನ ವೈರಾಗ್ಯವಲ್ಲ ವಿದಾ! ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಪರೀಕ್ಷಕ ಬುದಿಮಿರ್ ಸ್ತೊಯಿಲ್ಕೊವಿಚ್ ತೆಗೆದುಕೊಂಡ ಅಂತಿಮ ನಿರ್ಧಾರ!"

"ಆಯ್ತು ಪರೀಕ್ಷಕರೇ, ಸ್ವಲ್ಪ ಕಾಲೆತ್ತಿ. ಕಾಯಿ ಕೆಳಗೆ ಬಿದ್ದಿದೆ."

ಕಾಲೆತ್ತಿದೆ. ನಿರ್ಧಾರವನ್ನು ಮಾತ್ರ ಕೆಳಗಿಳಿಸಲಿಲ್ಲ. ಅದಕ್ಕೆ ಬಲವಾದ ಕಾರಣವಿತ್ತು. ಅಪಾಯದಲ್ಲಿದ್ದದ್ದು ನನ್ನ ಪುಪ್ಪುಸವಲ್ಲ, ನನ್ನ ಪದವಿ!

ಲೆಸ್ಕೊವಾತ್ಸ್ ಪಟ್ಟಣದಲ್ಲಿ ಸೆಪ್ಟೆಂಬರ್ ಬಂತೆಂದರೆ ಯಾವ ಅಂಗಳಕ್ಕೆ ಹೋದರೂ ಕಣ್ಣಿಗೆ ಬೀಳುವುದು ಕೆಂಪು ದಪ್ಪ ಮೆಣಸಿನಕಾಯಿಯ ಮೂಟೆಗಳು. ಅವನ್ನೂ ಜೊತೆಗೊಂದಿಷ್ಟು ಬದನೆಯನ್ನೂ ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ಹಗಲಿಡೀ ತಿರುವಿ ತಿರುವಿ ಬೇಯಿಸಿದರೆ ಆಯ್ವಾರ್ ಎಂಬ ಗೊಜ್ಜು ಸಿದ್ಧವಾಗುತ್ತದೆ. ಚಳಿಗಾಲವಿಡೀ ನಮ್ಮ ಬ್ರೆಡ್ಡಿನ ಮೇಲೆ ಕೂರುವುದು ಅದೇ. ನಮ್ಮ ಕಟ್ಟಡದ ಹೆಂಗಸರು ಎಲ್ಲ ಮನೆಗಳ ಮೆಣಸಿನಕಾಯಿಯನ್ನೂ ಒಟ್ಟುಗೂಡಿಸಿ, ಅಂಗಳದ ಒಂದೇ ಕೊಪ್ಪರಿಗೆಯಲ್ಲಿ ಬೇಯಿಸಿ, ಜಾಡಿಗಳಿಗೆ ಹಂಚಿಕೊಳ್ಳುತ್ತಾರೆ. ಈ ಮಹಾಕಾರ್ಯದ ಉಪ್ಪಿನ ಪರೀಕ್ಷಕ, ಮೂವತ್ತು ವರ್ಷಗಳಿಂದ, ನಾನು!

ಆ ಪದವಿ ನನ್ನನ್ನು ಅರಸಿ ಬಂದ ಬಗೆಯನ್ನು ದಾಖಲಿಸುವುದು ಯುಕ್ತ. ನಾವು ಈ ಕಟ್ಟಡಕ್ಕೆ ಬಂದ ಮೊದಲ ವರ್ಷ ನಾನು ಒಲೆಯ ಸುತ್ತ ಓಡಾಡುತ್ತ, ಉರಿ ಹೆಚ್ಚಾಯಿತು, ಉರಿ ಇಳಿಯಿತು, ಸೌಟು ಎಡಕ್ಕೆ ತಿರುಗಬೇಕು ಎಂದು ಹೆಂಗಸರಿಗೆ ತಿಳಿವಳಿಕೆ ನೀಡುತ್ತಿದ್ದೆ. ಅದರಿಂದ ಬಹಳ ಪ್ರಭಾವಿತಳಾದ ಝಾಗೊರ್ಕಾ, ಅಂದರೆ ಅಂದಿನಿಂದ ಇಂದಿನವರೆಗೂ ನಮ್ಮ ಅಂಗಳದ ಮಹಾರಾಣಿ, ದೂರದ ಅಕ್ರೋಟು ಮರದ ಕೆಳಗೆ ಒಂದು ಕುರ್ಚಿ ಹಾಕಿಸಿ, "ನೀನಿಲ್ಲಿ ಕೂತ್ಕೋ ಬುದಿಮಿರ್. ನಿನ್ನಂಥೋರು ರುಚಿ ನೋಡ್ಬೇಕು" ಎಂದು ಕೈಗೆ ಮರದ ಚಮಚ ಕೊಟ್ಟಳು. ಅಲ್ಲಿಂದ ಮುಂದೆ ಪ್ರತಿ ವರ್ಷ ಒಂದು ಪುಟ್ಟ ಬಾಣಲೆಯಲ್ಲಿ ಮಾದರಿ ನನ್ನ ಬಳಿಗೇ ಬರುತ್ತಿತ್ತು. ನಾನು ಸಿಗರೇಟನ್ನು ತುಟಿಯ ಒಂದು ಮೂಲೆಗೆ ಸರಿಸಿ, ಇನ್ನೊಂದು ಮೂಲೆಯಿಂದ ಸವಿದು, "ಉಪ್ಪು!" ಎನ್ನುತ್ತಿದ್ದೆ. ಹಾಕುತ್ತಿದ್ದರು. "ಇನ್ನೂ!" ಎನ್ನುತ್ತಿದ್ದೆ. ಹಾಕುತ್ತಿದ್ದರು. ಕೊನೆಗೆ ನಾನು ತಲೆದೂಗಿ, ಪಕ್ಕದ ಮನೆಯ ತಿಹೊಮಿರನ ಪ್ಲಮ್ ಬ್ರಾಂದಿಯ ಕಡೆಗೆ ನಡೆದರೆ ನನ್ನ ಸರ್ಕಾರಿ ಕೆಲಸ ಮುಗಿಯಿತು. ನಾನು ಪರೀಕ್ಷಿಸಿದ ಬಾಣಲೆಯ ಆಯ್ವಾರನ್ನು ವಿದಾ ಬೇರೆ ಜಾಡಿಗಳಿಗೆ ತುಂಬಿ, ಕತ್ತಿಗೆ ನೀಲಿ ದಾರ ಕಟ್ಟುತ್ತಿದ್ದಳು. ಪರೀಕ್ಷಿಸಿದ ತಕ್ಕಡಿಗೆ ಇಲಾಖೆ ಸೀಸದ ಮುದ್ರೆ ಒತ್ತುವುದಿಲ್ಲವೇ, ಹಾಗೆ! ಆ ಜಾಡಿಗಳು ನನ್ನ ತಟ್ಟೆಯ ಮುಂದಲ್ಲದೆ ಬೇರೆಲ್ಲೂ ಕಾಣಿಸುತ್ತಿರಲಿಲ್ಲ. ಮನೆದೇವರ ಹಬ್ಬಕ್ಕೆ ಬಂದ ಅತಿಥಿಗಳಿಗೂ ಅದು ದಕ್ಕುತ್ತಿರಲಿಲ್ಲ. ಹೆಂಡತಿಯ ಈ ಪಕ್ಷಪಾತವನ್ನು ನಾನು ಪ್ರೀತಿಯೆಂದೇ ದಾಖಲಿಸಿಕೊಂಡಿದ್ದೆ.

ಹೀಗಿರುವಾಗ ಕಳೆದ ಸೆಪ್ಟೆಂಬರಿನಲ್ಲಿ ಆ ದುರ್ಘಟನೆ ನಡೆಯಿತು. ದೊಡ್ಡ ಕೊಪ್ಪರಿಗೆಯ ಬಣ್ಣ ನೋಡೋಣವೆಂದು ಬಗ್ಗಿದೆ. ನನ್ನ ಸಿಗರೇಟಿನಿಂದ ಬೂದಿ ಉದುರಿತೆಂದು ಆರೋಪ. ಅದು ಬೂದಿಯಲ್ಲ, ಮೆಣಸಿನಕಾಯಿಯ ಸುಟ್ಟ ಸಿಪ್ಪೆ ಎಂದು ನಾನು ಇಂದಿಗೂ ವಾದಿಸುತ್ತೇನೆ. ಆದರೆ ಮಹಿಳಾ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ! ಝಾಗೊರ್ಕಾ ಸೊಂಟದ ಮೇಲೆ ಕೈಯಿಟ್ಟು ತೀರ್ಪಿತ್ತಳು:

"ಮುಂದಿನ ವರ್ಷ ಒಂದೋ ಸಿಗರೇಟು, ಇಲ್ಲಾ ಚಮಚ. ಎರಡೂ ಹಿಡ್ಕೊಂಡು ಈ ಅಂಗಳಕ್ಕೆ ಕಾಲಿಟ್ಯೋ, ನಿನ್ನನ್ನೇ ಸುಟ್ಟು ಸಿಪ್ಪೆ ಸುಲೀತೀನಿ!"

ಸಿಗರೇಟೋ, ಚಮಚವೋ! ಚಳಿಗಾಲವೆಲ್ಲ ಯೋಚಿಸಿದೆ, ವಸಂತವೆಲ್ಲ ಸೇದುತ್ತ ಯೋಚಿಸಿದೆ. ಕೊನೆಗೆ ಬೇಸಿಗೆಯ ಆ ಬೆಳಿಗ್ಗೆ, ಮೇಲೆ ನಿವೇದಿಸಿದ ಹುರುಳಿಕಾಯಿಯ ಸಮ್ಮುಖದಲ್ಲಿ, ಚಮಚವನ್ನು ಆರಿಸಿಕೊಂಡೆ.

ಬರಿಗೈಯಲ್ಲಿ ಯುದ್ಧಕ್ಕಿಳಿಯುವಷ್ಟು ಮೂರ್ಖ ನಾನಲ್ಲ. ಬಸ್ ನಿಲ್ದಾಣದ ಎದುರಿನ ವೇಪ್ ಅಂಗಡಿಗೆ, ಅಂದರೆ ಹೊಗೆಯ ಬದಲು ಹಬೆ ಎಳೆಯುವ ಯಂತ್ರ ಮಾರುವ ಅಂಗಡಿಗೆ ಹೋದೆ. ಅಲ್ಲಿ ಅಂಜೆಲಿಯಾ ಎಂಬ ಹುಡುಗಿ, ಮೂಗಿಗೊಂದು ಉಂಗುರ ಹಾಕಿಕೊಂಡು, ಬಣ್ಣಬಣ್ಣದ ಸೀಸೆಗಳ ನಡುವೆ ಕುಳಿತಿದ್ದಳು.

"ದಿನಕ್ಕೆ ಎಷ್ಟು ಸೇದ್ತಿದ್ರಿ ತಾತ? ಅದರ ಮೇಲೆ ನಿಕೋಟಿನ್ ಎಷ್ಟು ಅಂತ ನೋಡಿ ಕೊಡ್ತೀನಿ."

ಅಪರಿಚಿತ ಹೆಣ್ಣುಮಗಳ ಮುಂದೆ ಎರಡು ಪ್ಯಾಕೆಟ್ ಎನ್ನಲು ನಾಚಿಕೆಯಾಯಿತು.

"ಆಗೊಮ್ಮೆ, ಈಗೊಮ್ಮೆ" ಎಂದೆ.

ಆಕೆ ನನ್ನ ಹಳದಿ ಬೆರಳುಗಳನ್ನು ನೋಡಿದಳು. "ಇದೇನು ತಾತ ಹಾಗಾದ್ರೆ?"

"ಏಪ್ರಿಕಾಟ್ ಜಾಮ್."

"ಓಹೋ" ಎಂದು ಆಕೆ ಒಂದು ಯಂತ್ರವನ್ನೂ, ಅದಕ್ಕೆ ತುಂಬಲು ಜಾಮ್ ತಿನ್ನುವವರಿಗೆ ತಕ್ಕ, ಅತ್ಯಂತ ದುರ್ಬಲವಾದ ದ್ರವದ ಸೀಸೆಯನ್ನೂ ಕೊಟ್ಟಳು. ತಂಬಾಕಿನ ಸ್ವಾದವೆಂದು ಅದರ ಮೇಲೆ ಬರೆದಿತ್ತು. ಸೇದಿ ನೋಡಿದರೆ, ತಂಬಾಕಿನ ಅಂಗಡಿಯ ಮುಂದೆ ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ಸ್ವಾದ! ತಪ್ಪು ವಿವರಣೆಯ ಸರಕೆಂದು ದೂರು ಕೊಡಬೇಕೆನಿಸಿತು. ಆದರೆ ಯಾವ ಬಾಯಿಂದ ಕೊಡಲಿ? ತಪ್ಪು ವಿವರಣೆ ಕೊಟ್ಟವನು ಮೊದಲು ನಾನೇ!

ಓದುಗ ಮಹಾಶಯರೇ, ಸಿಗರೇಟಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ದುಷ್ಟ, ನಿಜ. ಆದರೆ ಶಿಸ್ತಿನ ದುಷ್ಟ. ಅದರ ನಿಕೋಟಿನ್ ಎಕ್ಸ್‌ಪ್ರೆಸ್ ರೈಲಿನಂತೆ ಬಂದು ನೇರವಾಗಿ ತಲೆಯ ನಿಲ್ದಾಣದಲ್ಲಿ ನಿಲ್ಲುತ್ತದೆ. ಕೊನೆಗೆ ತುಂಡು ಬೆರಳು ಸುಟ್ಟು, "ಸಾಕು, ಏಳು" ಎಂದು ಹೇಳಿ ಕಳಿಸುತ್ತದೆ. ಈ ಹಬೆಯಂತ್ರದ್ದೋ ಪ್ಯಾಸೆಂಜರ್ ಗಾಡಿ. ಎಲ್ಲ ಹಳ್ಳಿಗಳಲ್ಲೂ ನಿಂತು, ಆಕಳಿಸಿ, ಬರುತ್ತದೆ. ಅದಕ್ಕೆ ತುದಿಯೂ ಇಲ್ಲ, ತುಂಡೂ ಇಲ್ಲ. ಬಂತೇ ಎಂದು ಇಣುಕುತ್ತ ನಾನು ಬೆಳಗಿನಿಂದ ಎಳೆದದ್ದೇ ಎಳೆದದ್ದು. ನಿಕೋಟಿನ್ ಮಾತ್ರ ಇನ್ನೂ ಹಿಂದಿನ ನಿಲ್ದಾಣದಲ್ಲೇ! ಸಿಟ್ಟು ಏರಿತು, ಹವಾಮಾನ ವರದಿ ಓದಿದ ಹೆಣ್ಣುಮಗಳನ್ನು ಬೈದೆ. ಬಾಲ್ಕನಿಯಲ್ಲಿ ನಿಂತು ಎಳೆದೆಳೆದು ಬಿಟ್ಟ ಹಬೆ ಸೇರಿ ಸೇರಿ ಮೋಡವಾಯಿತು. ಮೋಡ ಮೇಲೇರಿತು. ಮೇಲೆ ಕ್ರೂನಾಳ ಮನೆ.

"ಅಯ್ಯೋ, ಬೆಂಕಿ! ಬುದಿಮಿರಣ್ಣ ಹೊತ್ಕೊಂಡ!" ಎಂದು ಕಿರುಚಿದ ಆಕೆ, ನೆಲ ಒರೆಸಲು ತುಂಬಿಟ್ಟಿದ್ದ ಬಕೆಟ್ ನೀರನ್ನು ನನ್ನ ತಲೆಯ ಮೇಲೆ ಸುರಿದಳು.

ಸೋಪಿನ ನೊರೆ ಸುರಿಸುತ್ತ ಒಳಗೆ ಬಂದ ನನ್ನನ್ನು ವಿದಾ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಂತ್ರಕ್ಕೇನೂ ಆಗಿಲ್ಲ ತಾನೇ?"

"ಯಂತ್ರಕ್ಕೆ? ನನಗೆ ಏನಾಯಿತೆಂದು ಕೇಳಬಾರದೇ?"

"ನಿಮ್ಗೆ ಮೂವತ್ತು ವರ್ಷದಿಂದ ಆಗ್ಬೇಕಿತ್ತು ಇದು. ಹೋಗಿ, ಆ ಹುಡುಗಿ ಹತ್ರ ನಿಜ ಹೇಳಿ ಬನ್ನಿ."

"ನಾನು ಸುಳ್ಳು ಹೇಳಿದೆನೆಂದು ನಿನಗೆ ಯಾರು ಹೇಳಿದರು?"

"ಅಂಜೆಲಿಯಾ ನಮ್ಮ ಕ್ರೂನಾಳ ಮೊಮ್ಮಗಳು ರೀ. ಏಪ್ರಿಕಾಟ್ ಜಾಮ್ ಹೇಗೆ ಮಾಡೋದು ಅಂತ ಇಡೀ ಕಟ್ಟಡ ನನ್ನನ್ನ ಕೇಳ್ತಿದೆ."

ಮತ್ತೆ ಅಂಗಡಿಗೆ ಹೋದೆ. "ಹಿಂದಿನ ಹೇಳಿಕೆಗೆ ಒಂದು ಸಣ್ಣ ತಿದ್ದುಪಡಿ" ಎಂದು ಆರಂಭಿಸಿ, ಎರಡು ಪ್ಯಾಕೆಟ್ಟೆಂದು ಒಪ್ಪಿಕೊಂಡೆ. ಆಕೆ ನಗದೆ, ಬಲವಾದ ಸೀಸೆಯೊಂದನ್ನು ತೆಗೆದಳು. "ಶುರುವಿನಲ್ಲೇ ಸಾಕಷ್ಟು ತಗೊಂಡ್ರೆ ಸಿಗರೇಟಿನ ಕಡೆ ಮನಸ್ಸು ಎಳೆಯಲ್ಲ ತಾತ. ಆಮೇಲೆ ನಿಧಾನಕ್ಕೆ ಇಳಿಸ್ತಾ ಹೋಗೋಣ. ಮತ್ತೆ ತಂಬಾಕು ಸ್ವಾದ ಬೇಡ, ಅದು ಹಳೇ ಹೆಂಡ್ತಿ ಫೋಟೋ ಥರ. ಪುದೀನ ತಗೊಳ್ಳಿ."

ಪುದೀನ ಹಿಡಿಯಿತು. ಸಿಗರೇಟಿಗಾಗಿ ಕೈಚಾಚುವ ಎದೆಯೊಳಗಿನ ಭಿಕ್ಷುಕ ಬಾಗಿಲು ಬಡಿಯುವುದನ್ನು ಕಡಿಮೆ ಮಾಡಿದ. ಬೆಳಗಿನ ಕಾಫಿಯ ಹೊತ್ತಿಗೆ ಮಾತ್ರ ತಪ್ಪದೆ ಬರುತ್ತಿದ್ದ. ಕಾಫಿ ಬಲಗೈಯಲ್ಲಿದ್ದರೆ ಎಡಗೈಗೇನು ಉದ್ಯೋಗ? ಅದು ಅನಾಥವಾಗಿ ಮೇಜಿನ ಮೇಲೆಲ್ಲ ತಡಕಾಡುತ್ತಿತ್ತು. ವಿದಾ ಹುರುಳಿಕಾಯಿಯ ಬುಟ್ಟಿಯನ್ನು ಅದರ ಮುಂದೆ ಸರಿಸುತ್ತಿದ್ದಳು. ಇಲಾಖೆಯ ಮಾಜಿ ಅಧಿಕಾರಿ ಹುರುಳಿಕಾಯಿಯ ನಾರು ಬಿಡಿಸಿದನೆಂಬುದನ್ನು ದಯವಿಟ್ಟು ಯಾರೂ ಹೊರಗೆ ಹೇಳತಕ್ಕದ್ದಲ್ಲ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ತಿಂಡಿಯ ತಟ್ಟೆಯಿಂದ ಟೊಮೇಟೊ ಹೋಳೊಂದನ್ನು ಬಾಯಿಗಿಟ್ಟವನು ಕುರ್ಚಿಯಿಂದ ಎದ್ದು ನಿಂತೆ.

"ಇದೇನಿದು?"

"ಟೊಮೇಟೊ."

"ಅದು ಗೊತ್ತು! ಯಾವ ಹೊಸ ತಳಿ? ಎಲ್ಲಿಂದ ತಂದೆ?"

"ಅದೇ ಮಿಲಾದಿನನ ಗಾಡಿಯದು ರೀ. ನಾವು ಮದ್ವೆಯಾದಾಗಿಂದ ಅವನ ಹತ್ರಾನೇ ತಗೊಳ್ತಿರೋದು."

ಹುಳಿಯ ಹಿಂದೆ ಸಿಹಿ, ಸಿಹಿಯ ಹಿಂದೆ ಬಿಸಿಲು, ಬಿಸಿಲಿನ ಹಿಂದೆ ಗಿಡದ ಎಲೆಯ ಹಸಿ ವಾಸನೆ! ನನ್ನ ಅಜ್ಜಿ ಲಂಗದ ಅಂಚಿನಲ್ಲಿ ಒರೆಸಿ ಕೊಡುತ್ತಿದ್ದ ಟೊಮೇಟೊ ಇದು. ಅಜ್ಜಿಯೊಂದಿಗೇ ಆ ರುಚಿಯೂ ಹೋಯಿತು, ಈಗಿನ ಟೊಮೇಟೊಗಳಲ್ಲಿ ಸತ್ವವಿಲ್ಲ ಎಂದು ನಾನು ಪತ್ರಿಕೆಗೆ ಪತ್ರವನ್ನೂ ಬರೆದಿದ್ದೆ. ಟೊಮೇಟೊ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದವನು ನಾನು. ತಟ್ಟೆಯಲ್ಲಿದ್ದುದನ್ನೆಲ್ಲ ತಿಂದೆ, ಬುಟ್ಟಿಯಲ್ಲಿದ್ದುದನ್ನೂ ತಿಂದೆ. ಗಲ್ಲದಿಂದ ರಸ ಸುರಿಯುತ್ತಿತ್ತು. ವಿದಾ ಸೌಟು ಹಿಡಿದು ಸುಮ್ಮನೆ ನೋಡುತ್ತ ನಿಂತಿದ್ದಳು. ಅಂಗಿಯ ಮೇಲೆ ಕಲೆಯಾದರೂ ಬೈಯಲಿಲ್ಲ. ಸಮೀಪ ಹೋದೆ. ಆಕೆಯ ತಲೆಗೂದಲಿನಿಂದ ಲಿಂಡೆನ್ ಮರದ ಹೂವಿನ ಪರಿಮಳ ಬರುತ್ತಿತ್ತು.

"ಹೊಸ ಸೋಪಾ?"

"ಹಳೇದು" ಎಂದಳು ಆಕೆ, ಮುಖ ತಿರುಗಿಸಿ. "ಹೋಗಿ, ಗಲ್ಲ ಒರೆಸ್ಕೊಳ್ಳಿ."

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಖಾಂತವಾಗುತ್ತಿತ್ತು. ಆದರೆ ದೀರ್ಘ ರಜೆಯ ನಂತರ ಕಚೇರಿಗೆ ಮರಳಿದ ಪರೀಕ್ಷಕನಂತೆ ನನ್ನ ನಾಲಗೆ ಎಲ್ಲ ಕಡತಗಳನ್ನೂ ತೆರೆಯತೊಡಗಿತು. ಎಲ್ಲೆಲ್ಲೂ ಅಕ್ರಮ! ಕ್ರೂನಾಳ ಪಾಲಕ್ ಕಡುಬಿನಲ್ಲಿ ಅಡುಗೆ ಸೋಡಾ ಹೆಚ್ಚಾಗಿದೆಯೆಂದು ಆಕೆಗೇ ತಿಳಿಸಿದೆ. ಬಕೆಟ್ ನೀರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಇದು ಶುದ್ಧ ಸತ್ಯನಿಷ್ಠೆ. ಬಳಿಕ ತಿಹೊಮಿರನ ಸರದಿ. ಅವನು ಎಂದಿನಂತೆ ತನ್ನ ಮನೆಯಲ್ಲೇ ಭಟ್ಟಿ ಇಳಿಸಿದ ಬ್ರಾಂದಿಯನ್ನು ಗ್ಲಾಸಿಗೆ ಸುರಿದು, ಸಿಗರೇಟು ಹಚ್ಚಿ, "ಹೇಗಿದೆ?" ಎಂದ. ಈ ಪ್ರಶ್ನೆಗೆ ಅಷ್ಟು ವರ್ಷಗಳಿಂದ ನನ್ನ ಉತ್ತರ "ಅಮೃತ!" ಎಂಬುದೇ ಆಗಿತ್ತು.

"ತಿಹೊಮಿರ್, ಇದರಲ್ಲಿ ಬೀರುವಿಗೆ ಬಳಿಯುವ ವಾರ್ನಿಷ್ ವಾಸನೆ ಇದೆ."

ಅವನ ಮೀಸೆ ನಿಂತಲ್ಲೇ ನಿಂತಿತು. "ಏನಂದೆ?"

"ನಿಖರವಾಗಿ ಹೇಳಬೇಕೆಂದರೆ, ಅಗ್ಗದ ವಾರ್ನಿಷ್."

"ಮೂವತ್ತು ವರ್ಷ ಪುಕ್ಕಟೆ ಕುಡ್ದಾಗ ವಾರ್ನಿಷ್ ಗೊತ್ತಾಗ್ಲಿಲ್ವಾ ನಿನ್ಗೆ? ಈಗ ಪುದೀನ ಹೀರೋ ಮಗು ಆಗಿದ್ಯ, ಅದ್ಕೆ! ಹೋಗು, ಹಾಲು ಕುಡ್ದು ಮಲ್ಕೋ!"

ಬಾಗಿಲು ಮುಚ್ಚಿಕೊಂಡಿತು. ಮನೆಗೆ ಬಂದು ವಿದಾಳಿಗೆ ಹೇಳಿದರೆ, ನ್ಯಾಯ ಸಿಗುವ ಬದಲು ಉಪದೇಶ ಸಿಕ್ಕಿತು: "ನಿಮ್ಮ ನಾಲಗೆ ವಾಪಸ್ ಬಂದಿದ್ದು ಭಾಳ ಸಂತೋಷ ರೀ. ಆದ್ರೆ ಅದನ್ನ ಬಾಯೊಳಗೇ ಇಟ್ಕೊಳ್ಳಿ."

ಇಟ್ಟುಕೊಳ್ಳುತ್ತಿದ್ದೆ. ಆದರೆ ಆಗಲೇ ಆ ಜಾಡಿ ಹೊರಬಂತು. ಉಗ್ರಾಣದಲ್ಲಿ ಹೋದ ವರ್ಷದ ಆಯ್ವಾರ್ ಒಂದೇ ಒಂದು ಜಾಡಿ ಉಳಿದಿತ್ತು. ಕತ್ತಿಗೆ ನೀಲಿ ದಾರ. ಉಳಿದವೆಲ್ಲ ಚಳಿಗಾಲದಲ್ಲೇ ಖಾಲಿಯಾಗಿದ್ದವು. ಶ್ರೇಷ್ಠವಾದುದನ್ನು ಕಡೆಗೆ ಉಳಿಸುವುದು ಗೃಹಿಣಿಯರ ವಾಡಿಕೆ ಎಂದುಕೊಂಡೆ. ನವಜಾತ ನಾಲಗೆಯೊಂದಿಗೆ, ಬ್ರೆಡ್ಡಿನ ಮೇಲೆ ಒಂದು ಬೆರಳು ದಪ್ಪ ಬಳಿದು ಕಚ್ಚಿದೆ.

ಏಡ್ರಿಯಾಟಿಕ್ ಸಮುದ್ರವೇ ಬಾಯಿಗೆ ನುಗ್ಗಿತು! ಮೆಣಸಿನಕಾಯಿ ಎಲ್ಲೋ ತಳದಲ್ಲಿ ಮುಳುಗಿ ಪ್ರಾಣ ಬಿಟ್ಟಿತ್ತು. ಕಣ್ಣೀರು ಒರೆಸಿಕೊಂಡು, ಒಂದು ಹೂಜಿ ನೀರು ಕುಡಿದು, ವಿಚಾರ ಮಾಡಿದೆ. ನನ್ನ ಮುದ್ರೆ ಬಿದ್ದ ಬಳಿಕ ಯಾರೋ ಇದಕ್ಕೆ ಉಪ್ಪು ಬೆರೆಸಿದ್ದಾರೆ! ಅಥವಾ ವಿದಾಳ ಕೈ ತಪ್ಪಿದೆ. ನಮ್ಮ ಬೀದಿಯಲ್ಲಿ ಅಡುಗೆಗೆ ಹೆಸರಾದ ನನ್ನ ಹೆಂಡತಿಯ ಕೈ! ಆಕೆಯ ಮೇಲಿನ ಮರುಕಕ್ಕಿಂತ ಅಂಗಳದ ಹಿತ ದೊಡ್ಡದು. ಆಯ್ವಾರಿನ ದಿನ, ಎಲ್ಲರ ಸಮ್ಮುಖದಲ್ಲಿ, ಸಾಕ್ಷ್ಯಸಮೇತ ಈ ವಿಷಯವನ್ನು ಮಂಡಿಸಿಬಿಡಬೇಕೆಂದು ನಿರ್ಧರಿಸಿದೆ.

"ಯಾಕೆ, ಆಯ್ವಾರ್ ಅರ್ಧಕ್ಕೇ ಬಿಟ್ರಿ?" ಎಂದು ವಿದಾ ಕೇಳಿದಳು.

"ಅದು ತನಿಖೆಯಲ್ಲಿದೆ."

ಆಕೆ ಜಾಡಿಯನ್ನು ನೋಡಿದಳು, ದಾರವನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿಗೆ ಸೆರಗು ಹಿಡಿದವರಂತೆ ಒರೆಸುವ ಬಟ್ಟೆಯನ್ನು ಬಾಯಿಗೆ ಹಿಡಿದಳು.

"ಒಳ್ಳೇದು. ಚೆನ್ನಾಗಿ ತನಿಖೆ ಮಾಡಿ. ಯಾರನ್ನೂ ಬಿಡ್ಬೇಡಿ."

ಆ ದಿನ ಬಂತು. ಕೆಳಗಿನ ಅಂಗಳದಲ್ಲಿ ಸೂರ್ಯ ಹುಟ್ಟುವ ಮೊದಲೇ ಮೆಣಸಿನಕಾಯಿ ಸುಡುವ ಘಮಲು. ಇಳಿದು ಹೋಗುವ ಮುನ್ನ ಯಂತ್ರವನ್ನು ಒಮ್ಮೆ ಎಳೆದೆ. ಪುದೀನದ ಸುಳಿವೇ ಇಲ್ಲ! ಬರಿಯ ಬಿಸಿ ಗಾಳಿ. ಪರೀಕ್ಷೆಯ ದಿನವೇ ನಾಲಗೆ ಸತ್ತಿತೇ? ಅಂಜೆಲಿಯಾಳಿಗೆ ಫೋನ್ ಮಾಡಿದೆ.

"ಒಂದೇ ಸ್ವಾದಾನ ವಾರಗಟ್ಲೆ ಎಳೆದ್ರೆ ನಾಲಗೆಗೆ ಬೇಜಾರಾಗುತ್ತೆ ತಾತ, ಅಷ್ಟೇ. ನೀರು ಕುಡೀರಿ. ಸ್ವಲ್ಪ ಹೊತ್ತು ಅದನ್ನ ಜೇಬಲ್ಲೇ ಇಡಿ."

ಜೇಬಿನಲ್ಲಿಟ್ಟೆ. ತಕ್ಷಣ ಎದೆಯೊಳಗಿನ ಭಿಕ್ಷುಕ ಎದ್ದು ಕುಳಿತ. ಮೆಟ್ಟಿಲಿಳಿಯುವಷ್ಟರಲ್ಲಿ ಬಾಗಿಲು ಒದೆಯತೊಡಗಿದ. ಅಂಗಳದ ಬಾಗಿಲಲ್ಲೇ ತಿಹೊಮಿರ್ ನಿಂತಿದ್ದ. ವಾರ್ನಿಷ್ ಪ್ರಕರಣದ ಬಳಿಕ ಮೊದಲ ಬಾರಿಗೆ ನನ್ನನ್ನು ನೋಡಿ ನಕ್ಕ.

"ಮುಖ ಯಾಕೋ ಬಾಡಿದೆ ಬುದಾ" ಎಂದು ಪ್ಯಾಕೆಟ್ ತೆರೆದು ಚಾಚಿದ. "ತಗೋ, ರಾಜಿಗೆ ಒಂದು. ಹೆಂಗಸ್ರು ನೋಡಲ್ಲ, ನಾನು ಮರೆ ನಿಲ್ತೀನಿ."

ಹಳೆಯ ಗೆಳೆಯರಂತೆ ಸಾಲಾಗಿ ನಿಂತಿದ್ದವು, ಆ ಬಿಳಿಯ ಸೈನಿಕರು. ನನ್ನ ಎಡಗೈ ನನ್ನ ಅಪ್ಪಣೆಯಿಲ್ಲದೆ ಒಂದನ್ನು ಹೊರಗೆಳೆದೇಬಿಟ್ಟಿತು! ಮೂಗಿನ ಹತ್ತಿರ ತಂದೆ. ಆಹಾ! ಒಂದು ಎಳೆತ, ಎಕ್ಸ್‌ಪ್ರೆಸ್ ರೈಲು, ತಲೆಯ ನಿಲ್ದಾಣ! ಚಮಚ ಹೋದರೆ ಹೋಗಲಿ ಎಂದಿತು ಮನಸ್ಸು. ತಿಹೊಮಿರ್ ಕಡ್ಡಿ ಗೀರಿದ.

ಚಮಚ ಹೋದರೆ ಹೋಗಲಿ, ಸರಿ. ಆದರೆ ಟೊಮೇಟೊ? ಲಿಂಡೆನ್ ಹೂವು?

"ಬೇಡ ತಿಹೊಮಿರ್" ಎಂದು ಸಿಗರೇಟನ್ನು ಅವನ ಜೇಬಿಗೆ ಸಿಕ್ಕಿಸಿದೆ. "ನನಗೊಂದು ವಿಚಾರಣೆಯಿದೆ." ಅವನು ಮುಖ ಊದಿಸಿಕೊಂಡು, ಬ್ರಾಂದಿ ತರಲೆಂದು ತನ್ನ ಮನೆಗೆ ಹೊರಟುಹೋದ.

ಅಂಗಳದ ನಡುವೆ ಕೊಪ್ಪರಿಗೆ ಕೊತಕೊತ ಕುದಿಯುತ್ತಿತ್ತು. ಝಾಗೊರ್ಕಾ ನನ್ನನ್ನು ನಿಲ್ಲಿಸಿ, ಪೊಲೀಸ್ ನಾಯಿಯಂತೆ ನನ್ನ ಅಂಗಿ, ಬೆರಳು, ಮೀಸೆಗಳನ್ನು ಮೂಸಿದಳು. ಮುಖ ಸಣ್ಣದು ಮಾಡಿಕೊಂಡು ಹೆಂಗಸರ ಕಡೆ ತಿರುಗಿದಳು.

"ನಿಜವಾಗ್ಲೂ ಬಿಟ್ಟಿದ್ದಾನೆ ಕಣ್ರೇ!"

ಇದರಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿ ಕೇಳಿಸಿತು. ನಾನು ಗಮನಿಸಲಿಲ್ಲ. ಕಂಠ ಸರಿಪಡಿಸಿಕೊಂಡು, ಕೋಟಿನೊಳಗಿನಿಂದ ಜಾಡಿಯನ್ನು ತೆಗೆದು ಮೇಲೆತ್ತಿದೆ.

"ಮಾನ್ಯ ಮಹಿಳೆಯರೇ! ನನಗೆ ನನ್ನ ನಾಲಗೆ ಮರಳಿ ಬಂದಿದೆ. ಆ ನಾಲಗೆಯ ಮೊದಲ ವರದಿಯನ್ನು ದುಃಖದಿಂದ ಮಂಡಿಸುತ್ತಿದ್ದೇನೆ. ಕಳೆದ ವರ್ಷದ ಈ ಸರಕು ಮನುಷ್ಯರು ತಿನ್ನಲು ಯೋಗ್ಯವಲ್ಲ! ಇದರಲ್ಲಿರುವ ಉಪ್ಪಿನಿಂದ ಒಂದು ಹಂದಿಯನ್ನು ಚಳಿಗಾಲವಿಡೀ ಕೆಡದಂತೆ ಇಡಬಹುದು! ಇದನ್ನು ಯಾರು ಮಾಡಿದರೋ ನಾನರಿಯೆ. ಅವರು ನನ್ನ ಮನೆಯವರೇ ಆಗಿರಲಿ, ಸತ್ಯವನ್ನು ಮುಚ್ಚಿಡಲಾರೆ. ಇದನ್ನು ಮಾಡಿದವರಿಗೆ ನಾಲಗೆಯೆಂಬುದೇ ಇಲ್ಲ!"

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಕ್ರೂನಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಭಾವಿಸಿದೆ. ಆಕೆಯ ಭುಜಗಳು ಕುಲುಕುತ್ತಿದ್ದ ರೀತಿ ಅಳುವಿನದಾಗಿರಲಿಲ್ಲ.

ವಿದಾ ಕೈ ಒರೆಸಿಕೊಂಡು ಮುಂದೆ ಬಂದಳು. "ರೀ, ಆ ಜಾಡಿಗೆ ಕಟ್ಟಿರೋ ದಾರ ಯಾವ ಬಣ್ಣ?"

"ನೀಲಿ. ಪರೀಕ್ಷಿತ ಮಾಲು! ಅದೇ ದುರಂತ!"

"ಯಾರು ಪರೀಕ್ಷೆ ಮಾಡಿದ್ದು?"

"ನಾನು."

"ಉಪ್ಪು ಹಾಕಿ ಹಾಕಿ ಅಂದಿದ್ದು?"

"ನಾ..."

"ಹೇಳ್ಬಿಡು ವಿದಾ" ಎಂದು ಝಾಗೊರ್ಕಾ ಮೆಣಸಿನಕಾಯಿ ಮೂಟೆಯ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡಳು. "ನನ್ನ ಕೈಲಾಗಲ್ಲ, ಉಸ್ರು ಕಟ್ತಿದೆ!"

ವಿದಾ ಹೇಳಿದಳು. ಆಕೆಯ ದನಿಯಲ್ಲಿ ಅಪಹಾಸ್ಯವಿರಲಿಲ್ಲ, ಅದೇ ಹೆಚ್ಚು ನಾಟಿತು.

"ದೊಡ್ಡ ಕೊಪ್ಪರಿಗೆಗೆ ನಿಮ್ಮ ಉಪ್ಪು ಒಂದು ವರ್ಷವೂ ಬಿದ್ದಿಲ್ಲ ರೀ. ಸಿಗರೇಟು ಸೇದಿ ಸೇದಿ ನಿಮ್ಮ ನಾಲಗೆ ಚಪ್ಪಲಿ ಅಟ್ಟೆ ಆಗಿತ್ತು. ಒಲೆ ಹತ್ರ ಬಿಟ್ರೆ ಕೆಲ್ಸ ಸಾಗ್ತಿರ್ಲಿಲ್ಲ. ಅದ್ಕೇ ಕುರ್ಚಿ ಹಾಕಿ ಸಣ್ಣ ಬಾಣಲೆ ಬೇರೆ ಮಾಡಿದ್ವಿ. ಅದಕ್ಕೆ ನೀವು ಅಂದಷ್ಟು ಉಪ್ಪು ಸುರಿದು, ನೀವು ಆಕಡೆ ಹೋದ್ಮೇಲೆ ಈ ಕೊಪ್ಪರಿಗೆಗೆ ನಾವೇ ಹದವಾಗಿ ಹಾಕ್ಕೊಳ್ತಿದ್ವಿ. ಹಬ್ಬದ ದಿನ ಮರೆತು ನಿಮ್ಮ ಜಾಡಿ ನೆಂಟರ ತಟ್ಟೆಗೆ ಬಿದ್ರೆ ಮರ್ಯಾದೆ ಹೋಗುತ್ತೆ ಅಂತ ನೀಲಿ ದಾರ ಕಟ್ತಿದ್ದೆ."

ಮೂವತ್ತು ವರ್ಷ ನಾನು ಸರ್ಕಾರಿ ಮುದ್ರೆಯೆಂದು ನಂಬಿದ್ದು ಅಪಾಯದ ಫಲಕ!

"ಹಾಗಾದರೆ ಸಿಗರೇಟೋ ಚಮಚವೋ ಎಂದು ಶಾಸನ ಹೊರಡಿಸಿದ್ದೇಕೆ?" ಎಂದು ಕ್ಷೀಣ ಸ್ವರದಲ್ಲಿ ಕೇಳಿದೆ.

"ನೀನು ಸಿಗರೇಟನ್ನೇ ಆರಿಸ್ಕೋತೀಯ ಅಂತ ನಾವೆಲ್ಲ ನೆಮ್ಮದಿಯಾಗಿದ್ವಿ ಮಾರಾಯ!" ಎಂದಳು ಝಾಗೊರ್ಕಾ ಕಣ್ಣೊರೆಸಿಕೊಳ್ಳುತ್ತ.

"ಒಂದು ಮಾತು ಮಾತ್ರ ನೀವು ಸರಿಯಾಗಿ ಹೇಳಿದ್ರಿ" ಎಂದಳು ವಿದಾ. "ಅದನ್ನ ಮಾಡಿದೋರಿಗೆ ನಾಲಗೆ ಇರ್ಲಿಲ್ಲ."

ನೆಲ ಬಾಯ್ದೆರೆದರೆ ಜಾಡಿಸಮೇತ ಇಳಿದುಹೋಗಲು ಸಿದ್ಧನಿದ್ದೆ. ಕೈ ತಾನಾಗಿ ಜೇಬಿನ ಯಂತ್ರವನ್ನು ಹುಡುಕಿತು. ಆದರೆ ವಿದಾ ಆ ಕೈಗೆ ಮರದ ಚಮಚವನ್ನು ಕೊಟ್ಟು, ದೊಡ್ಡ ಕೊಪ್ಪರಿಗೆಯ ಬಳಿಗೇ ಕರೆದುಕೊಂಡು ಹೋದಳು.

"ಇದಕ್ಕೆ ಇನ್ನೂ ಕಡೇ ಉಪ್ಪು ಬಿದ್ದಿಲ್ಲ. ನೋಡಿ. ನಿಜವಾಗ್ಲೂ ನೋಡಿ ಹೇಳಿ."

ಹೆಂಗಸರ ನಗು ನಿಂತಿತು. ಅದ್ದಿದೆ, ಊದಿದೆ, ನಾಲಗೆಯ ಮೇಲಿಟ್ಟೆ. ಮೊದಲು ಸುಟ್ಟ ಸಿಪ್ಪೆಯ ಹೊಗೆ, ಹಿಂದೆಯೇ ಮಾಗಿದ ಮೆಣಸಿನಕಾಯಿಯ ಸಿಹಿ, ಅಂಚಿನಲ್ಲಿ ಬದನೆಯ ಸಣ್ಣ ಕಹಿ, ಗಂಟಲಿಗಿಳಿಯುವಾಗ ಹದವಾದ ಖಾರ. ಈ ಅಂಗಳದ ಆಯ್ವಾರನ್ನು ನಾನು ಅಂದು ಮೊದಲ ಬಾರಿಗೆ ತಿಂದೆ. "ಉಪ್ಪು!" ಎಂದು ಗುಡುಗುವ ಧೈರ್ಯ ಎಲ್ಲಿ ಬರಬೇಕು? ಇನ್ನೊಮ್ಮೆ ನೋಡಿದೆ. ತಪ್ಪಿದರೆ ಇಡೀ ಕಟ್ಟಡದ ಚಳಿಗಾಲ ಕೆಡುತ್ತದೆ. ನನ್ನ ಬದುಕಿನಲ್ಲಿ ಯಾವ ತಕ್ಕಡಿಯ ಮುಂದೆಯೂ ಅಷ್ಟು ಬೆವತಿರಲಿಲ್ಲ.

"ಒಂದು ಹಿಡಿ" ಎಂದೆ ಮೆಲ್ಲಗೆ. "ಸಣ್ಣ ಹಿಡಿ. ನಿನ್ನ ಕೈಯದು, ನನ್ನ ಕೈಯದಲ್ಲ."

ಝಾಗೊರ್ಕಾ ಚಮಚ ಕಿತ್ತುಕೊಂಡು ತಾನೂ ನೋಡಿದಳು. ಕಣ್ಣು ಮುಚ್ಚಿದಳು. ಲೆಸ್ಕೊವಾತ್ಸ್ ಪಟ್ಟಣ ಉಸಿರು ಬಿಗಿಹಿಡಿಯಿತು.

"ಹಾಕು ವಿದಾ" ಎಂದಳು. "ಸರಿಯಾಗಿ ಹೇಳಿದ್ದಾನೆ ಮುದುಕ."

ವಿದಾಳ ಮುಷ್ಟಿಯಿಂದ ಉಪ್ಪು ದೊಡ್ಡ ಕೊಪ್ಪರಿಗೆಗೆ ಬಿತ್ತು. ನನ್ನ ಎದೆ ಉಬ್ಬಿತು. ಪದವಿ ನಿಜವಾಯಿತು! ನಾನು ಗಂಭೀರವಾಗಿ ಅಕ್ರೋಟು ಮರದ ಕೆಳಗಿನ ನನ್ನ ಕುರ್ಚಿಯತ್ತ ಹೆಜ್ಜೆ ಹಾಕಿದೆ.

"ಎಲ್ಲಿಗೆ?" ಎಂದು ಝಾಗೊರ್ಕಾ ನನ್ನಷ್ಟೇ ಉದ್ದದ ಮರದ ಹುಟ್ಟೊಂದನ್ನು ನನ್ನ ಕೈಗಿತ್ತಳು. "ಕುರ್ಚಿ ನಾಲಗೆ ಇಲ್ದೋರಿಗೆ. ರುಚಿ ಗೊತ್ತಿರೋರು ಇಲ್ಲಿ ನಿಂತು ತಿರುವ್ತಾರೆ. ತಳದಲ್ಲಿ ದಾರಿ ಕಾಣೋವರ್ಗೂ!"

ಹುಟ್ಟು ಎಳೆದ ಕಡೆ ಆಯ್ವಾರ್ ಎರಡಾಗಿ ಸೀಳಿ, ಕೊಪ್ಪರಿಗೆಯ ತಳ ಒಂದು ಕ್ಷಣ ದಾರಿಯಂತೆ ಕಂಡರೆ ಅದು ಹದವಾದಂತೆ. ಆ ದಾರಿ ಮಧ್ಯಾಹ್ನ ಕಳೆದರೂ ಕಾಣಿಸಲಿಲ್ಲ! ತೋಳು ಸೇದಿತು, ಬೆನ್ನು ಬಾಗಿತು, ಮುಖ ಮೆಣಸಿನಕಾಯಿಯಾಯಿತು.

"ವಿದಾ, ಒಂದೇ ಒಂದು ಸಲ ಯಂತ್ರ ಎಳೆ..."

"ಕೈ ಬಿಟ್ರೆ ತಳ ಹಿಡಿಯುತ್ತೆ ರೀ."

ಎರಡು ಕೈಗೂ ಹುಟ್ಟು. ಎಡಗೈಗೆ ಅಂತೂ ಉದ್ಯೋಗ ದೊರೆಯಿತು! ಭಿಕ್ಷುಕ ಬಂದ, ಬಾಗಿಲು ಬಡಿದ, ತೆರೆಯಲು ಕೈ ಖಾಲಿಯಿಲ್ಲವೆಂದು ತಿಳಿದು ಹೊರಟುಹೋದ. ಸಂಜೆಯ ಬೆಳಕು ಕೊಪ್ಪರಿಗೆಗೆ ಬೀಳುವ ಹೊತ್ತಿಗೆ, ಅವನು ಬಹಳ ಹೊತ್ತಿನಿಂದ ಬಂದೇ ಇಲ್ಲವೆಂಬುದು ನನಗೆ ಹೊಳೆಯಿತು.

ಹದ ಬಂತು. ಜಾಡಿ ತುಂಬುವಾಗ ವಿದಾ ಜೇಬಿನಿಂದ ನೀಲಿ ದಾರದ ಉಂಡೆ ತೆಗೆದದ್ದನ್ನು ಕಂಡು ನನ್ನ ಜೀವ ಹಾರಿತು.

"ಮತ್ತೆ ಅದೇಕೆ? ನನಗೆ ಈಗ ನಾಲಗೆ ಇದೆಯಲ್ಲ!"

"ಶ್!" ಎಂದು ಆಕೆ ಕಣ್ಣಲ್ಲೇ ಅಕ್ರೋಟು ಮರವನ್ನು ತೋರಿದಳು.

ಮರದ ಕೆಳಗೆ, ನನ್ನ ಕುರ್ಚಿಯಲ್ಲಿ, ತಿಹೊಮಿರ್ ಕಾಲಮೇಲೆ ಕಾಲು ಹಾಕಿ ವಿರಾಜಮಾನನಾಗಿದ್ದ. ತುಟಿಯ ಒಂದು ಮೂಲೆಯಲ್ಲಿ ಸಿಗರೇಟು. ಕ್ರೂನಾ ಅವನ ಮುಂದೆ ಪುಟ್ಟ ಬಾಣಲೆ ಹಿಡಿದು ವಿನಯದಿಂದ ಬಗ್ಗಿದ್ದಳು. ಅವನು ಇನ್ನೊಂದು ಮೂಲೆಯಿಂದ ಸವಿದು, ಕಣ್ಣು ಮುಚ್ಚಿ, ಅಂಗಳಕ್ಕೆಲ್ಲ ಕೇಳುವಂತೆ ಗುಡುಗಿದ:

"ಉಪ್ಪು!"

ಹಾಕಿದರು.

"ಇನ್ನೂ!"

ಅವನು ಚಮಚ ಎತ್ತಿ ನನ್ನ ಕಡೆ ಬೀಸಿ, "ನೋಡಿದ್ಯಾ ಬುದಾ, ನಿನ್ನ ಪದವಿ ಕಡೆಗೂ ಯೋಗ್ಯನ ಕೈಗೇ ಬಂತು!" ಎಂದ.

ಸತ್ಯವನ್ನು ಮುಚ್ಚಿಡಲಾರದ ನಾನು ಬಾಯಿ ತೆರೆದೆ. ವಿದಾ ಅದರೊಳಗೆ ಬಿಸಿ ಆಯ್ವಾರ್ ಬಳಿದ ಬ್ರೆಡ್ಡಿನ ತುಂಡೊಂದನ್ನು ತುರುಕಿ, ನೀಲಿ ದಾರದ ಉಂಡೆಯನ್ನು ನನ್ನ ಕೈಗಿಟ್ಟಳು.

"ಗಂಟು ಬಿಗಿಯಾಗಿ ಹಾಕಿ ರೀ. ಇದರ ಅನುಭವ ನಿಮಗಿರುವಷ್ಟು ಇನ್ಯಾರಿಗೂ ಇಲ್ಲ."